ನಾಲ್ಕು ಮಂದಿಯ ಹೊಸ ಕ್ಯಾಸೆಟ್ಟು

ಅಡುಗೆಮನೆಯ ಗೂಡಿನಲ್ಲಿ, ಅರಿಸಿನದ ಡಬ್ಬಿಗೂ ಬೆಂಕಿಪೊಟ್ಟಣಕ್ಕೂ ನಡುವೆ, ನಾನೊಂದು ಪೆನ್ಸಿಲ್ ಇಟ್ಟಿದ್ದೇನೆ. ಆರು ಮೂಲೆಯದು, ಮೈಮೇಲೆ ಕೆಂಪು ಕಪ್ಪು ಪಟ್ಟೆ. ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಇದೆ. ಒಮ್ಮೆಯೂ ಅದಕ್ಕೆ ಮೊನೆ ಮಾಡಿಲ್ಲ. ಮನೆಗೆ ಬಂದವರು ಚೀಟಿ ಬರೆಯಲು ಅದಕ್ಕೆ ಕೈ ಹಾಕಿದರೆ, ನಾನು ಒಂದು ಪೆನ್ನು ಕೊಟ್ಟು ಇದನ್ನು ಗೂಡಿಗೆ ಸೇರಿಸುತ್ತೇನೆ. ಮೊನ್ನೆ ಎದುರುಮನೆಯ ಕಮಲಮ್ಮ ಇದನ್ನು ನೋಡಿ, "ಪೆನ್ಸಿಲ್ಲಿಗೂ ಮಡಿ ಹಿಡಸೀರೇನ್ರಿ ವೃಂದಾಬಾಯಿ?" ಎಂದು ನಕ್ಕರು. ನಾನೂ ನಕ್ಕೆ. ನಕ್ಕಷ್ಟು ಸುಲಭವಾಗಿ ಹೇಳಲು ಬರುವುದಿಲ್ಲವಲ್ಲ, ಅದಕ್ಕೆ ಬರೆಯಲು ಕೂತಿದ್ದೇನೆ.

ಟೇಪ್ ರಿಕಾರ್ಡರ್ ಇರುವ ಮನೆಯವರಿಗೆ ಆರು ಮೂಲೆಯ ಪೆನ್ಸಿಲ್ಲಿನ ಉಪಯೋಗ ನಾನು ಹೇಳಬೇಕಾಗಿಲ್ಲ. ಕ್ಯಾಸೆಟ್ಟಿನ ಹಲ್ಲಿನ ತೂತಿಗೆ ಅದು ಹೇಳಿ ಮಾಡಿಸಿದಂತೆ ಕೂಡುತ್ತದೆ. ದುಂಡನೆಯ ಪೆನ್ಸಿಲ್ಲಾದರೆ ಜಾರುತ್ತದೆ. ನಮ್ಮ ಆದವಾನಿಯಲ್ಲಿ ಬೇಸಿಗೆ ಬಂತೆಂದರೆ ಕರೆಂಟು ಮಧ್ಯಾಹ್ನಕ್ಕೆ ಹೋಗಿ ತನಗೆ ಬೇಕಾದಾಗ ಬರುತ್ತಿತ್ತು. ಟೇಪನ್ನು ಸೆಲ್ಲಿನ ಮೇಲೆ ಓಡಿಸಬೇಕು. ಹಿಂದಕ್ಕೆ ಸುತ್ತುವುದಕ್ಕೂ ಸೆಲ್ಲು ಖರ್ಚು ಮಾಡಿದರೆ ಹೇಗೆ? ಹಾಗಾಗಿ ಸುತ್ತುವ ಕೆಲಸ ನನಗೆ ಬಂತು. ದೇವರ ಬತ್ತಿ ಹೊಸೆದ ಕೈ, ಬೇಗ ಪಳಗಿತು. ಪೆನ್ಸಿಲ್ಲಿಗೆ ಕ್ಯಾಸೆಟ್ಟು ಸಿಕ್ಕಿಸಿ ಗಿರಗಿರ ತಿರುಗಿಸುತ್ತ, ಒಲೆಯ ಮೇಲಿನ ಬೇಳೆಯ ಕಡೆಗೂ ಒಂದು ಕಣ್ಣು ಇಟ್ಟುಕೊಂಡು, ಪರದೇಶದ ಹಾಡುಗಳನ್ನು ನಾನು ಎಷ್ಟು ಮೊಳ ಸುತ್ತಿದ್ದೇನೋ. ಅವುಗಳಲ್ಲಿ ಒಂದರ ಅರ್ಥವೂ ನನಗೆ ತಿಳಿಯದು.

ಹಾಡುಗಳು ನನ್ನವಲ್ಲ, ತಮ್ಮ ಪ್ರಾಣೇಶನವು. ಅವನು ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಅವ್ವ ಹೋದಾಗ ಅವನಿನ್ನೂ ಚಡ್ಡಿಯ ಗುಂಡಿ ಹಾಕಿಸಿಕೊಳ್ಳಲು ನನ್ನ ಬಳಿ ಬರುತ್ತಿದ್ದ. ಅಪ್ಪ ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಮನೆ ನನ್ನ ಕೈಗೆ ಬಂತು. ನನ್ನ ಜಾತಕ ರಾಯಚೂರಿನ ತನಕ ತಿರುಗಾಡಿ ಬಂತು; ನಾನು ಮಾತ್ರ ಆದವಾನಿ ದಾಟಲಿಲ್ಲ. ಇದನ್ನು ದುಃಖಕ್ಕೆ ಹೇಳುತ್ತಿಲ್ಲ. ಒಂದೇ ಮನೆಯಲ್ಲಿ ಮೂವತ್ತು ವರ್ಷ ಕೂತವಳಿಗೆ ಆ ಮನೆಯಲ್ಲಿ ಯಾವ ಸದ್ದು ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿರುತ್ತದೆ ಎಂದು ಹೇಳಿಕೊಳ್ಳುವ ಜಂಬಕ್ಕೆ ಹೇಳಿದೆ. ಆ ಜಂಬ ಎಷ್ಟು ಪೊಳ್ಳು ಎಂಬುದು ಮುಂದೆ ಬರುತ್ತದೆ.

ನಮ್ಮ ಓಣಿಯಲ್ಲಿ ಸದ್ದಿಗೆ ಕೊರತೆಯಿರಲಿಲ್ಲ. ಬೆಳಗ್ಗೆ ಅಪ್ಪನ ಪೂಜೆ, ಅದರ ಹಿಂದೆಯೇ ದಾಸರ ಪದ. ಕಮಲಮ್ಮನ ಮನೆಯ ರೇಡಿಯೊದಲ್ಲಿ ತೆಲುಗು ಸಿನಿಮಾ ಹಾಡು. ಹಿಂದಿನ ಗಲ್ಲಿಯ ಟೈಲರ್ ಸಾಹೇಬರು ಮಿಷನ್ ತುಳಿಯುತ್ತ ಕವ್ವಾಲಿ ಹಚ್ಚುವರು. ಇವೆಲ್ಲದರ ಕೆಳಗೆ, ನೆಲದಡಿಯ ನೀರಿನಂತೆ, ಹತ್ತಿ ಗಿರಣಿಗಳ ಗುಂಯ್ ಎಂಬ ನಾದ. ಯಾರಿಗೆ ಯಾವುದು ಇಷ್ಟ ಎಂಬುದು ಎಲ್ಲರಿಗೂ ಗೊತ್ತಿತ್ತು. ನನಗೆ ಯಾವುದು ಇಷ್ಟವೆಂದು ಯಾರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಅಕ್ಕಿ ಆರಿಸುವಾಗ ಯಾವುದಾದರೊಂದು ಸದ್ದು ಇದ್ದರೆ ಕಲ್ಲು ಬೇಗ ಸಿಗುತ್ತವೆ, ಅಷ್ಟೇ.

ಪ್ರಾಣೇಶ ಬಳ್ಳಾರಿಯ ಪಾಲಿಟೆಕ್ನಿಕ್ಕಿಗೆ ಹೋಗಿ ಹಾಸ್ಟೆಲಿನಿಂದ ಎರಡನ್ನು ಮನೆಗೆ ತಂದ. ಒಂದು, ಈ ಇಂಗ್ಲಿಷ್ ರಾಕ್ ಸಂಗೀತದ ಹುಚ್ಚು. ಇನ್ನೊಂದು, ಈರಣ್ಣ. ಈರಣ್ಣ ಆಸ್ಪರಿಯ ಕಡೆಯ ಹಳ್ಳಿಯವನು, ಕುರಿ ಸಾಕುವವರ ಮನೆಯ ಹುಡುಗ, ಅವನ ವಂಶದಲ್ಲೇ ಕಾಲೇಜು ಕಂಡ ಮೊದಲನೆಯವನು. ಇಬ್ಬರದೂ ಒಂದೇ ರೂಮು. ಓದು ಮುಗಿದ ಮೇಲೆ ಪ್ರಾಣೇಶ ಊರಿನ ನೂಲಿನ ಗಿರಣಿಯೊಂದರಲ್ಲಿ ಸೇರಿದ. ಈರಣ್ಣನಿಗೆ ಇಲ್ಲಿಯೇ ಕರೆಂಟ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅಂದಿನಿಂದ ಭಾನುವಾರ ಹನ್ನೊಂದು ಗಂಟೆಗೆ ನಮ್ಮ ಹೊಸ್ತಿಲ ಹೊರಗೆ ಈರಣ್ಣನ ಚಪ್ಪಲಿ ಇರಲೇಬೇಕು. ನಾನು ಮಂಡಕ್ಕಿ ಒಗ್ಗರಣೆ ಮಾಡಿಟ್ಟಿರುತ್ತಿದ್ದೆ. ಅದನ್ನೇ ಬಜಾರಿನಲ್ಲಿ ತೆಲುಗಿನವರು ಉಗ್ಗಾಣಿ ಎನ್ನುತ್ತಾರೆ. ಹೆಸರು ಬದಲಾದರೆ ರುಚಿಯೂ ಬದಲಾಗುತ್ತದೆಂದು ಈರಣ್ಣ ವಾದಿಸುತ್ತಿದ್ದ. ಅವನ ಪ್ರಕಾರ ಮಿರ್ಚಿ ಬಜ್ಜಿಯ ಜೊತೆ ತಿಂದರೆ ಅದು ಉಗ್ಗಾಣಿ, ಬರೀ ತಿಂದರೆ ಒಗ್ಗರಣೆ. ಹೀಗೆ ಹೇಳಿ ಮಿರ್ಚಿ ಮಾಡಿಸಿಕೊಳ್ಳುತ್ತಿದ್ದ.

ಅವರಿಬ್ಬರಿಗೂ ಒಂದೇ ತಂಡ. ನಾಲ್ಕು ಜನ ಗಂಡಸರು, ಯಾವುದೋ ಚಳಿದೇಶದವರು. ತಂಡದ ಹೆಸರು ನನ್ನ ನಾಲಿಗೆಗೆ ಹೊರಳದು. ನಾನೂ ಅಪ್ಪನೂ ಅವರನ್ನು 'ನಾಲ್ಕು ಮಂದಿ' ಎಂದೇ ಕರೆಯುತ್ತಿದ್ದೆವು. ಅಪ್ಪ ಒಮ್ಮೆ ಕ್ಯಾಸೆಟ್ಟಿನ ಮೇಲಿನ ಚಿತ್ರವನ್ನು ಕನ್ನಡಕ ಏರಿಸಿ ನೋಡಿ, "ಇಷ್ಟು ಕೂದಲಿಗೆ ಎಣ್ಣಿ ಹಚ್ಚವರು ಯಾರಪಾ ಇವರಿಗೆ?" ಎಂದು ನಿಜವಾದ ಕಾಳಜಿಯಿಂದ ಕೇಳಿದ್ದರು. ಮನೆಯಲ್ಲಿ ನಾಲ್ಕು ಮಂದಿಗೂ ಅಪ್ಪನಿಗೂ ಒಂದು ಒಪ್ಪಂದವಿತ್ತು. ಪೂಜೆ ಮುಗಿಯುವ ತನಕ ನಾಲ್ಕು ಮಂದಿ ಬಾಯಿ ಬಿಡಕೂಡದು; ಮುಗಿದ ಮೇಲೆ ಅಪ್ಪ ಬಾಯಿ ಬಿಡಕೂಡದು.

ನಾಲ್ಕು ಮಂದಿಯ ಹಳೆಯ ಕ್ಯಾಸೆಟ್ಟುಗಳೆಲ್ಲ ಒಂದೇ ತರಹ. ಬಡಿತ ಶುರುವಾದರೆ ಗೂಡಿನ ಡಬ್ಬಿಗಳು ಅದರುವವು. ಅವ್ವನ ಸಾಗುವಾನಿ ಪೆಟ್ಟಿಗೆಯ ಮೇಲೆ ಟೇಪ್ ಇಟ್ಟರೆ ದನಿ ತುಂಬಿ ಬರುತ್ತದೆಂದು ಕಂಡುಹಿಡಿದವನು ಪ್ರಾಣೇಶ. ಪೆಟ್ಟಿಗೆಯೊಳಗೆ ಅವ್ವನ ಮಡಿಸೀರೆಗಳಿದ್ದವು. ಅವು ಒಳಗೆ ಕುಣಿಯುತ್ತಿರಬೇಕೆಂದು ನನಗೆ ಅನ್ನಿಸುತ್ತಿತ್ತು.

ಆಮೇಲೆ ಮೂರು ವರ್ಷ ನಾಲ್ಕು ಮಂದಿಯ ಸುದ್ದಿಯಿಲ್ಲ. ಹೊಸದು ಬಂದಿದೆಯೆಂದು ಈರಣ್ಣನಿಗೆ ಎಲ್ಲಿಂದಲೋ ತಿಳಿದು, ಒಂದು ಶನಿವಾರ ಬಳ್ಳಾರಿಗೆ ಹೋಗಿ, ಅಲ್ಲಿಯ ರಿಕಾರ್ಡಿಂಗ್ ಅಂಗಡಿಯಲ್ಲಿ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬಂದ. ಭಾನುವಾರ ಅವನು ಚಪ್ಪಲಿ ಬಿಡುವ ರೀತಿಯಲ್ಲಿಯೇ ಗೊತ್ತಾಯಿತು. ಒಂದು ಇಲ್ಲಿ, ಒಂದು ಅಲ್ಲಿ.

ಕೇಳಲು ಕೂತರು. ನಾನು ಪಡಸಾಲೆಯ ಬಾಗಿಲಲ್ಲಿ ಮೊರ ಹಿಡಿದು ಕೂತಿದ್ದೆ. ಮೊದಲನೆಯ ಹಾಡಿಗೇ ಪ್ರಾಣೇಶನ ಮುಖ ಸಣ್ಣದಾಯಿತು. ಡಬ್ಬಿಗಳು ಅದರಲಿಲ್ಲ. ಎಲ್ಲ ಮೆಲ್ಲಗೆ, ಬಿಟ್ಟು ಬಿಟ್ಟು, ಯಾರೋ ಯೋಚನೆ ಮಾಡಿಕೊಂಡು ಹಾಡಿದಂತೆ. ಈರಣ್ಣ ಮಾತ್ರ ಮುಂದಕ್ಕೆ ಬಾಗಿ ಕೂತಿದ್ದ. ಆ ಬದಿಯ ಕೊನೆಯ ಹಾಡಿನಲ್ಲಿ ಬಡಿತ ಪೂರ್ತಿ ನಿಂತೇಹೋಯಿತು. ದಪ್ಪ ತಂತಿಯೊಂದರ ಧಂ ಧಂ ಮಾತ್ರ ಕೆಳಗೆ ನಡೆಯುತ್ತಿತ್ತು. ಆಗ ನಾನು ಮೊರ ಇಟ್ಟು ಎದ್ದು ಕಿಟಕಿಗೆ ಹೋದೆ. ಐಸ್ ಕ್ಯಾಂಡಿಯ ಬಂಡಿ ಓಣಿಯ ತಿರುವಿಗೆ ಬಂದಿದೆಯೆಂದು ನನ್ನ ಎಣಿಕೆ. ಓಣಿಯಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಗಂಟೆ ಹಾಡಿನೊಳಗೆ ಇತ್ತು. ಬಹಳ ದೂರದಲ್ಲಿ, ಸೂಜಿಯಷ್ಟು ಸಣ್ಣಗೆ. ಒಮ್ಮೆ ಬಂದು ಬಹಳ ಹೊತ್ತು ಬಿಟ್ಟು ಇನ್ನೊಮ್ಮೆ. ಹೀಗೆ ಬರುತ್ತಿರುವಾಗಲೇ ಟೇಪಿನ ಆ ಬದಿ ಮುಗಿದು, ಹಾಡು ಅರ್ಧಕ್ಕೆ ಕತ್ತರಿಸಿ, ಗುಂಡಿ ಟಕ್ಕೆಂದು ಮೇಲೆ ಹಾರಿತು.

ಪ್ರಾಣೇಶ, ನಾಲ್ಕು ಮಂದಿ ಕೆಟ್ಟುಹೋದರು, ಮುದುಕರಾದರು, ಕೊನೆಯ ಹಾಡಿನಲ್ಲಂತೂ ಬಾರಿಸುವುದನ್ನೇ ಬಿಟ್ಟು ಮಲಗಿದ್ದಾರೆ ಎಂದ. ಈರಣ್ಣ ತಲೆಯಾಡಿಸಿದ. ಅವರು ಇಷ್ಟು ವರ್ಷ ಮಾಡಿದ್ದೆಲ್ಲ ಒಂದು ತೂಕ, ಈ ಹಾಡೊಂದೇ ಒಂದು ತೂಕ ಎಂದ. ಹಾಸ್ಟೆಲಿನ ದಿನಗಳಿಂದಲೂ ಅವರು ಹೀಗೆ ಜಗಳವಾಡುವವರೇ. ನಾನು ಒಲೆಯ ಕಡೆ ಹೊರಟೆ. ಹಿಂದಿನಿಂದ ಈರಣ್ಣನ ದನಿ ಕೇಳಿಸಿತು.

"ನಮ್ಮ ಹಿಂಡಿನ ಮುಂದ ಹೋಗೋ ಟಗರಿನ ಕೊಳ್ಳಾಗ ಇಂಥದ್ದ ಗಂಟಿ ಇತ್ತು, ಪ್ರಾಣ್ಯಾ. ಸಂಜಿಕ ಗುಡ್ಡದ ಆ ಕಡಿಂದ ಅದು ಕೇಳಿಸಿತಂದ್ರ, ಅಪ್ಪ ಬರಾಕತ್ತಾನ ಅಂತ ನಮ್ಮವ್ವ ರೊಟ್ಟಿ ತಟ್ಟಾಕ ಕುಂದರತಿದ್ಲು."

ಈರಣ್ಣನ ಅಪ್ಪ ತೀರಿ ಆಗ ಆರು ತಿಂಗಳು.

"ಎಲ್ಲಿ ಗಂಟಿ?" ಎಂದ ಪ್ರಾಣೇಶ.

ಈರಣ್ಣ ಟೇಪನ್ನು ಸ್ವಲ್ಪ ಹಿಂದಕ್ಕೆ ಓಡಿಸಿ ಮತ್ತೆ ಹಚ್ಚಿದ. ಬೆರಳೆತ್ತಿ ಕಾದ. ಗಂಟೆ ಬಂದಾಗ ಬೆರಳು ಇಳಿಸಿದ. ಪ್ರಾಣೇಶ ಟೇಪನ್ನೂ ಬೆರಳನ್ನೂ ನೋಡಿ, ಅಲ್ಲಿ ಏನೂ ಇಲ್ಲ, ಖಾಲಿ ಟೇಪು ಓಡುತ್ತಿದೆ ಎಂದ. ಅದೇ ಹೊತ್ತಿಗೆ ಅಪ್ಪ ದೇವರಮನೆಯ ಹೊಸ್ತಿಲಿಗೆ ಬಂದು ನಿಂತರು. ಒಪ್ಪಂದ ಮುರಿದು ಬಾಯಿ ಬಿಟ್ಟರು. "ಆ ಗಂಟಿ ಬಾರಸೋನು ಯಾರೋ? ಲಯ ಬಿಟ್ಟಿಲ್ಲ ನೋಡು, ಶಾಣ್ಯಾ ಇದ್ದಾನ."

ಅಪ್ಪ ಮೆಚ್ಚಿದ್ದು ಅದೇ ಮೊದಲು. ಬೇರೆ ದಿನವಾಗಿದ್ದರೆ ಪ್ರಾಣೇಶ ಅದನ್ನು ವರ್ಷಗಟ್ಟಲೆ ಹೇಳಿಕೊಂಡು ತಿರುಗುತ್ತಿದ್ದ. ಅಂದು ಅವನ ಮುಖ ಕೆಂಪಾಯಿತು. ನೀವೆಲ್ಲ ಸೇರಿ ಮಾತಾಡಿಕೊಂಡಿದ್ದೀರಿ, ನನ್ನನ್ನು ಹುಚ್ಚನನ್ನಾಗಿ ಮಾಡುತ್ತಿದ್ದೀರಿ ಎಂದ. ಈರಣ್ಣ ನಗುತ್ತ ಅವನ ಭುಜ ಹಿಡಿಯಲು ಹೋದ. ಪ್ರಾಣೇಶ ಭುಜ ಕೊಡವಿದ.

"ಕುರಿಗಂಟಿ ಬಿಟ್ರ ನಿನಗ ಬ್ಯಾರೆ ಏನ್ ತಿಳೀತದ?"

ಇದನ್ನು ಬರೆಯುವಾಗಲೂ ನನ್ನ ಕೈ ನಿಲ್ಲುತ್ತದೆ. ನಮ್ಮ ಮನೆಯಲ್ಲಿ, ನಾನು ಕೊಟ್ಟ ತಟ್ಟೆ ಕೈಯಲ್ಲಿರುವಾಗ, ಆ ಮಾತು. ಈರಣ್ಣ ಎದ್ದ. ತಟ್ಟೆಯನ್ನು ಬಚ್ಚಲಕಟ್ಟೆಗೆ ತಾನೇ ಒಯ್ದಿಟ್ಟ, ಎಂದೂ ಇಡದವನು. "ಬರ್ತೀನ್ರಿ ಅಕ್ಕಾರ" ಎಂದ. ಇಲ್ಲೊಂದು ಅಲ್ಲೊಂದು ಬಿದ್ದಿದ್ದ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೋದ. ಕ್ಯಾಸೆಟ್ಟು ಪೆಟ್ಟಿಗೆಯ ಮೇಲೆಯೇ ಉಳಿಯಿತು.

ಮುಂದಿನ ಭಾನುವಾರ ಒಗ್ಗರಣೆ ಮಿಕ್ಕಿತು. ಅದರ ಮುಂದಿನದೂ ಮಿಕ್ಕಿತು. ಮೂರನೆಯ ಭಾನುವಾರ ನಾನು ಮಾಡಲಿಲ್ಲ. ಪ್ರಾಣೇಶ ಹಳೆಯ ಕ್ಯಾಸೆಟ್ಟುಗಳನ್ನು ಒಬ್ಬನೇ ಹಚ್ಚಿಕೊಂಡು ಕೂಡುತ್ತಿದ್ದ, ಮೊದಲಿಗಿಂತ ಜೋರಾಗಿ. ಹೊಸದನ್ನು ಮುಟ್ಟುತ್ತಿರಲಿಲ್ಲ. ತಪ್ಪು ನಿನ್ನದು, ಹೋಗಿ ಕರೆದುಕೊಂಡು ಬಾ ಎಂದು ಹೇಳಿದರೆ ಎದ್ದು ಹೋಗುತ್ತಿದ್ದ.

ಇಲ್ಲಿ ಗಿರಣಿಯವರ ಮಾತಿನ ಬಗ್ಗೆ ಒಂದಿಷ್ಟು ಹೇಳಬೇಕು. ನೂಲಿನ ಗಿರಣಿಯ ಒಳಗೆ ನಾನು ಹೋದದ್ದು ಒಮ್ಮೆ, ಆಯುಧಪೂಜೆಯ ದಿನ. ಯಂತ್ರ ನಿಲ್ಲಿಸಿರುತ್ತಾರೆಂದು ತಿಳಿದಿದ್ದೆ. ಪೂಜೆಯಾದ ಮೇಲೆ ನೋಡಿ ಹೋಗಲೆಂದು ಒಂದು ಸಾಲನ್ನು ಓಡಿಸಿದರು. ಎದೆಯೊಳಗೆ ಯಾರೋ ಮೊರ ಕೊಡವಿದಂತಾಯಿತು. ಆ ಸದ್ದಿನಲ್ಲಿ ಕೆಲಸಗಾರರು ಒಬ್ಬರ ಜೊತೆ ಒಬ್ಬರು ಆರಾಮವಾಗಿ ಮಾತಾಡುತ್ತಿದ್ದರು, ದನಿಯೇ ಇಲ್ಲದೆ! ತುಟಿ ಅಗಲವಾಗಿ ಆಡಿಸುವುದು, ಹುಬ್ಬು ಹಾರಿಸುವುದು, ಎರಡು ಬೆರಳು ತೋರಿಸುವುದು. ಆ ತುದಿಯಿಂದ ಒಬ್ಬ ತುಟಿ ಆಡಿಸಿದರೆ ಈ ತುದಿಯವನು ನಗುತ್ತಿದ್ದ. ಪ್ರಾಣೇಶ ಅದರಲ್ಲಿ ಗಟ್ಟಿಗನೆಂದು ಅವನ ಜೊತೆಯವರು ಹೊಗಳಿದರು. ನಾನು ಹಿಗ್ಗಿದ್ದೆ.

ಮನೆಯಲ್ಲಿಯೂ ಅವನು ನಾನು ಮಾತಾಡುವಾಗ ನನ್ನ ಮುಖವನ್ನೇ ನೋಡುತ್ತಿದ್ದ. ಬೇರೆ ಮನೆಯ ಗಂಡಸರು ಪೇಪರಿನಿಂದ ಮುಖ ಎತ್ತದೆ ಹೂಂ ಎನ್ನುತ್ತಾರೆ. ನಮ್ಮ ಪ್ರಾಣೇಶ ಹಾಗಲ್ಲ, ಅಕ್ಕ ಮಾತಾಡಿದರೆ ಕಣ್ಣಿಟ್ಟು ಕೇಳುತ್ತಾನೆ ಎಂದು ನಾನು ಕಮಲಮ್ಮನ ಮುಂದೆ ಎಷ್ಟು ಸಲ ಹೇಳಿಕೊಂಡಿಲ್ಲ. ಅದೇ ನಾನು ಅಡುಗೆಮನೆಯಿಂದ, "ಎಲಿ ಹಾಕೀನಿ, ಬಾರೋ" ಎಂದು ಮೂರು ಸಲ ಕೂಗಿದರೂ ಅವನು ಬರದಿದ್ದರೆ, ಸೋಮಾರಿ, ಹಟಮಾರಿ, ಅವ್ವನಿಲ್ಲದ ಮಗು ಎಂದು ನಾನೇ ಕೆಡಿಸಿದ್ದೇನೆ ಎಂದು ಗೊಣಗುತ್ತಿದ್ದೆ. ಈ ಎರಡು ಸಂಗತಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುವ ಬುದ್ಧಿ ಬರಲಿಲ್ಲ. ಅಕ್ಕಿಯಲ್ಲಿ ಕಲ್ಲು ಹುಡುಕುವವಳು ನಾನು.

ಶ್ರಾವಣದ ಒಂದು ಶನಿವಾರ. ಹಿಂದಿನ ದಿನ ಧೂಪದ ಪುಡಿ ತೀರಿತ್ತು. ತರಿಸಲು ನಾನು ಮರೆತಿದ್ದೆ. ಅಪ್ಪ ನನ್ನನ್ನು ಬೈದು, ಧೂಪವಿಲ್ಲದೆಯೇ ಪೂಜೆ ಸಾಗಿಸಿದರು. ಪ್ರಾಣೇಶನಿಗೆ ಎರಡನೆಯ ಪಾಳಿಯ ಕೆಲಸ. ದೇವರಮನೆಗೆ ಬೆನ್ನು ಮಾಡಿ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ. ಪ್ರತಿದಿನವೂ ಅಲ್ಲಿಯೇ ಕೂಡುತ್ತಿದ್ದ, ಪ್ರತಿದಿನವೂ ಮಂಗಳಾರತಿಗೆ ಸರಿಯಾಗಿ ಎದ್ದು ಬರುತ್ತಿದ್ದ. ಅವನು ಪೂಜೆ ಮಾಡದಿದ್ದರೂ ಇದೊಂದನ್ನು ತಪ್ಪಿಸುವುದಿಲ್ಲ ಎಂಬುದು ಅಪ್ಪನ ಸಮಾಧಾನ. ಅಂದು ಅಪ್ಪ ಗಂಟೆ ಬಾರಿಸಿದರು. ಅವನು ಪುಟ ತಿರುವಿದ. ಅಪ್ಪ ಇನ್ನೂ ಬಾರಿಸಿದರು. ಬೇಕೆಂದೇ ಬಾರಿಸಿದರು. ಕೊನೆಗೆ ಆರತಿಯ ತಟ್ಟೆ ಹಿಡಿದು ಹೊರಗೆ ಬಂದು ಅವನ ಹಿಂದೆ ನಿಂತರು. ದೀಪದ ಬೆಳಕು ಪೇಪರಿನ ಮೇಲೆ ಬಿದ್ದಾಗ ಅವನು ಬೆಚ್ಚಿ ಎದ್ದ.

"ಇಷ್ಟೊತ್ತು ಬಾರಸ್ಲಿಕ್ಕತ್ತೀನಿ, ಕಿವಿ ಕೇಳಂಗಿಲ್ಲೇನು?" ಎಂದರು ಅಪ್ಪ.

ಯಾರ ಮನೆಯಲ್ಲಿ ಈ ಮಾತು ದಿನಕ್ಕೆ ಹತ್ತು ಸಲ ಬರುವುದಿಲ್ಲ? ಆದರೆ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಬೈಯುವಾಗ ಪ್ರಾಣೇಶನ ಕಣ್ಣು ಅಪ್ಪನ ಬಾಯಿಯ ಮೇಲಿತ್ತು. ಅವನು ಇಷ್ಟು ದಿನ ಧೂಪದ ವಾಸನೆಗೆ ಎದ್ದು ಬರುತ್ತಿದ್ದ. ಗಂಟೆಗಲ್ಲ.

ನನಗೆ ಐಸ್ ಕ್ಯಾಂಡಿಯ ಬಂಡಿ ನೆನಪಾಯಿತು.

ಮರುದಿನ ಅವನು ಗೋಡೆಯ ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದ. ನಾನು ಕನ್ನಡಿಯಲ್ಲಿ ಕಾಣದ ಹಾಗೆ ಪಕ್ಕಕ್ಕೆ ನಿಂತೆ. ಕೂಗಲಿಲ್ಲ. ಮನೆಯಲ್ಲಿ ಮಾತಾಡುವಷ್ಟೇ ದನಿಯಲ್ಲಿ, "ಪ್ರಾಣೇಶಾ, ಈರಣ್ಣ ಬಂದಾನ" ಎಂದೆ. ಅವನು ಇಡೀ ಊರಿನಲ್ಲಿ ತಿರುಗಿ ನೋಡುವ ಮಾತು ಅದೊಂದೇ ಎಂದು ನನಗೆ ಗೊತ್ತಿತ್ತು. ಅವನು ಬೈತಲೆ ತೆಗೆದ. ಬಾಚಣಿಗೆಯಿಂದ ಕೂದಲು ಬಿಡಿಸಿ ಕಿಟಕಿಯ ಹೊರಗೆ ಹಾಕಿದ. ನಾನು ಒಳಗೆ ಹೋಗಿ ಅಕ್ಕಿಗೆ ದಿನಕ್ಕಿಂತ ಎರಡರಷ್ಟು ನೀರು ಇಟ್ಟೆ. ಅಂದು ಅನ್ನ ಗಂಜಿಯಾಯಿತು.

ಸೋಮವಾರ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಕುಟ್ಟಿ ಡಬ್ಬಿಗೆ ತುಂಬಿಕೊಂಡು ಕರೆಂಟ್ ಆಫೀಸಿಗೆ ಹೋದೆ. ಈರಣ್ಣ ನನ್ನನ್ನು ನೋಡಿ ಕುರ್ಚಿಯಿಂದ ಎದ್ದು ನಿಂತ; ಮುಖ ಮಾತ್ರ ಬಿಗಿಯಾಗಿಯೇ ಇತ್ತು. ಹೊರಗೆ ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಧೂಪ, ಗಂಟೆ, ಕನ್ನಡಿ. ಅವನು ಹಿಂಡಿಯ ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೇಳಿದ. ಆಮೇಲೆ ಅವನು ಹೇಳಿದ್ದು ಇಷ್ಟು: "ಗಿರಣಿ ಗೇಟಿನ್ಯಾಗ ಹಿಂದಿಂದ ಎರಡು ಮೂರು ಸಲ ಕರದೀನ್ರಿ ಅಕ್ಕಾರ. ತಿರುಗಿ ನೋಡಲಿಲ್ಲ. ಸೊಕ್ಕು ಬಂದೈತಿ ಅಂತ ತಿಳಕೊಂಡಿದ್ದೆ."

ಅವನು ಆರತಿಗೆ ಏಳದ್ದನ್ನು ಅಪ್ಪ ಅಂದು ನಾಸ್ತಿಕತನ ಎಂದಿದ್ದರು. ಗೆಳೆಯ ಸೊಕ್ಕು ಎಂದ. ನಾನು ಹಟ ಎಂದೆ. ಪ್ರೀತಿಸುವ ಮೂವರಿದ್ದೆವು, ಮೂವರೂ ಆ ಹುಡುಗನ ಕಿವಿಗೆ ಮೂರು ಹೆಸರಿಟ್ಟು ಬೈದೆವು. ನಿಜವನ್ನು ಹಿಡಿದು ಕೊಟ್ಟವರು ಯಾರೆಂದರೆ ಆ ಚಳಿದೇಶದ ನಾಲ್ಕು ಮಂದಿ. ನಮ್ಮೆಲ್ಲರ ಮಾತಿಗೂ ತುಟಿ ಇತ್ತು, ಅವನು ಓದಿಕೊಳ್ಳುತ್ತಿದ್ದ. ಆ ಗಂಟೆಗೆ ತುಟಿ ಇರಲಿಲ್ಲ.

ಭಾನುವಾರ ಹನ್ನೊಂದಕ್ಕೆ ಈರಣ್ಣ ಬಂದ. ಚಪ್ಪಲಿ ಜೋಡಿಸಿ ಬಿಟ್ಟ. ಪ್ರಾಣೇಶ ಅವನನ್ನು ನೋಡಿ ಮುಖ ತಿರುಗಿಸಿದ, ಆದರೆ ಎದ್ದು ಹೋಗಲಿಲ್ಲ. ಈರಣ್ಣ ಕೇಳದೆಯೇ ಹೊಸ ಕ್ಯಾಸೆಟ್ಟನ್ನು ತೆಗೆದುಕೊಂಡು, ಈ ಪೆನ್ಸಿಲ್ಲನ್ನು ನನ್ನಿಂದ ಇಸಿದುಕೊಂಡು, ಬೇಕಾದ ಜಾಗಕ್ಕೆ ಸುತ್ತಿದ. ಟೇಪನ್ನು ಪೆಟ್ಟಿಗೆಯ ಮೇಲಿಟ್ಟ. ಆಮೇಲೆ ಪ್ರಾಣೇಶನ ಬಲಗೈ ಹಿಡಿದು ಪೆಟ್ಟಿಗೆಯ ಹಲಗೆಯ ಮೇಲೆ ಅಂಗೈ ಊರಿಸಿದ. ದಪ್ಪ ತಂತಿಯ ಧಂ ಧಂ ಹಲಗೆಯಲ್ಲಿ ನಡೆಯುತ್ತಿರುವುದು ನನಗೆ ಕೂತಲ್ಲಿಂದಲೇ ತಿಳಿಯುತ್ತಿತ್ತು. ಗಂಟೆ ಬಂತು. ಈರಣ್ಣ ಪೆನ್ಸಿಲ್ಲಿನಿಂದ ಅವನ ಬೆರಳ ಗೆಣ್ಣಿಗೆ ಒಂದು ಏಟು ಕೊಟ್ಟ, ಮೆಲ್ಲಗೆ.

ಪ್ರಾಣೇಶ ಕೈ ಎಳೆದುಕೊಂಡ.

"ಗಂಟಿ," ಎಂದ ಈರಣ್ಣ, ಗಿರಣಿಯವರ ಹಾಗೆ ತುಟಿ ಅಗಲಿಸಿ. "ಈಗ ಬಂತು. ಕೈ ಇಡು."

ಅವನು ಕೈ ಇಡಲಿಲ್ಲ. ನನ್ನ ಕಡೆ ತಿರುಗಿದ. ಚಡ್ಡಿಯ ಗುಂಡಿಗೆ ಬರುತ್ತಿದ್ದಾಗಿನ ಮುಖ. "ಅಕ್ಕಾ, ನಿನಗೂ ಕೇಳಸ್ತದೇನು?"

ಇಲ್ಲ ಎಂದುಬಿಡಬಹುದಿತ್ತು. ಬಾಯಿಯ ತುದಿಗೆ ಬಂದಿತ್ತು ಕೂಡ. ನಾನು ಇಲ್ಲ ಎಂದಿದ್ದರೆ ಈರಣ್ಣ ಒಬ್ಬನೇ ಸುಳ್ಳನಾಗುತ್ತಿದ್ದ, ಅವನು ಮತ್ತೆ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದ. ಬೆಳಕು ಮುಖದ ಮೇಲೆ ಬೀಳುವ ಹಾಗೆ ಸರಿದು ಕೂತು, "ಕೇಳಸ್ತದಪಾ" ಎಂದೆ.

ಅವನು ನೆಲ ನೋಡಿದ. ಟೇಪು ಓಡುತ್ತಲೇ ಇತ್ತು. ಅಷ್ಟರಲ್ಲಿ ಎರಡು ಗಂಟೆ ಬಂದು ಹೋದವು. ಈರಣ್ಣ ಪೆನ್ಸಿಲ್ ಎತ್ತಲಿಲ್ಲ.

"ನನಗ ಗೊತ್ತಿತ್ತು," ಎಂದ ಪ್ರಾಣೇಶ. ಗಿರಣಿಯಲ್ಲಿ ಕಿವಿ ಹೋದ ವಯಸ್ಸಾದವರನ್ನು ನೋಡಿದ್ದನಂತೆ. ಹಕ್ಕಿಗಳ ಸದ್ದು ಹೋಗಿ ಒಂದು ವರ್ಷವಾಗಿತ್ತಂತೆ. ಊರಿನಲ್ಲಿ ಗುಬ್ಬಿ ಕಡಿಮೆಯಾಗಿವೆ ಎಂದುಕೊಂಡನಂತೆ. ಆಮೇಲೆ ಈರಣ್ಣನನ್ನು ನೋಡಿ ಹೇಳಿದ: "ನಾಲ್ಕು ಮಂದಿ ಕೆಟ್ಟಾರ ಅಂತ ನೀನೂ ಒಂದು ಮಾತು ಅಂದಿದ್ರ, ಕೆಟ್ಟದ್ದು ಹಾಡು, ನನ್ನ ಕಿವಿ ಅಲ್ಲ ಅಂತ ನಾ ಉಳೀತಿದ್ದೆ."

ಅವನೇ ಮುಂದುವರಿಸಿ, "ಕುರಿಗಂಟಿ ಅಂದೆ ನಿನಗ" ಎಂದ.

"ಕುರಿಗಂಟೀನ ಐತಿ ಅದು," ಎಂದ ಈರಣ್ಣ. "ಸುಳ್ಳೇನು ಹೇಳಿಲ್ಲ ನೀನು. ಕೈ ಇಡಲೇ."

ಇಟ್ಟ.

ಕರ್ನೂಲಿನ ಕಿವಿಯ ಡಾಕ್ಟರು ಒಳ್ಳೆಯವರು. ಕಿವಿಗೆ ಏನೇನೋ ಹಚ್ಚಿ ಪರೀಕ್ಷಿಸಿ, ಗಿರಣಿಯ ಸದ್ದಿಗೆ ಸಣ್ಣ ದನಿಗಳೇ ಮೊದಲು ಹೋಗುತ್ತವೆಂದು ತಿಳಿಸಿ, ಕೊನೆಗೆ, "ಪೋಯಿಂದಿ ರಾದು, ಉನ್ನದಿ ಕಾಪಾಡುಕೋ" ಎಂದರು. ಹೋದದ್ದು ಬಾರದು, ಇದ್ದದ್ದನ್ನು ಕಾಪಾಡಿಕೊ. ತೆಲುಗಿನಲ್ಲಿ ಕೇಳಿದ್ದರಿಂದಲೋ ಏನೋ ಅದು ಬರೀ ಕಿವಿಗೆ ಹೇಳಿದ ಮಾತಿನಂತೆ ನನಗೆ ಕೇಳಿಸಲಿಲ್ಲ. ಪ್ರಾಣೇಶ ಗಿರಣಿಯಲ್ಲಿ ಕೇಳಿಕೊಂಡು ಯಂತ್ರದ ಸಾಲು ಬಿಟ್ಟು ಸಾಮಾನಿನ ಕೋಣೆಗೆ ಬದಲಾಯಿಸಿಕೊಂಡ. ಅಲ್ಲಿ ಮಾತಾಡಲು ಜನರಿಲ್ಲ ಎಂದು ಬೇಸರಪಟ್ಟ.

ಅಪ್ಪನಿಗೆ ನಾನು ಹೇಳಿದೆ. ಅಪ್ಪ ಕೇಳಿಸಿಕೊಂಡು ದೇವರಮನೆಗೆ ಹೋದರು. ಮರುದಿನ ನಾನು ರಂಗೋಲಿ ಹಾಕಲು ಹೋದಾಗ ಅವರ ಮಣೆ ಜಾಗ ಬದಲಿಸಿತ್ತು. ನಲವತ್ತು ವರ್ಷ ಕೂತ ಜಾಗ. ನೆಲ ಅಲ್ಲಿ ನುಣುಪಾಗಿತ್ತು. ಮಣೆಯನ್ನು ಒಂದು ಮೊಳ ಬಲಕ್ಕೆ ಸರಿಸಿದ್ದರು. ಗಂಟೆ ಹಿಡಿಯುವ ಕೈ ಪಡಸಾಲೆಯಿಂದ ಕಾಣುವ ಹಾಗೆ. ಪ್ರಾಣೇಶನೂ ದೇವರಮನೆಗೆ ಬೆನ್ನು ಮಾಡುವುದನ್ನು ಬಿಟ್ಟು ಈ ಕಡೆ ಮುಖ ಮಾಡಿ ಕೂಡತೊಡಗಿದ. ಇಬ್ಬರೂ ಇದರ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಧೂಪದ ಪುಡಿಯನ್ನಂತೂ ನಾನು ಅಂದಿನಿಂದ ಎರಡು ಡಬ್ಬಿ ಮೊದಲೇ ತಂದಿಡುತ್ತೇನೆ.

ಭಾನುವಾರಗಳು ಮರಳಿ ಬಂದವು, ಮಿರ್ಚಿಯೂ ಬಂತು. ಹೊಸ ಕ್ಯಾಸೆಟ್ಟಿನ ಬಗ್ಗೆ ಅವರ ಜಗಳ ಮಾತ್ರ ಮುಗಿಯಲಿಲ್ಲ. ಉಳಿದ ಹಾಡುಗಳು ಸಪ್ಪೆ ಎಂಬುದು ಪ್ರಾಣೇಶನ ಹಟ. ಅದು ಕಿವಿಯ ದೋಷವಲ್ಲ, ರುಚಿ ಎಂದು ಅವನು ವಾದಿಸಿದರೆ ಈರಣ್ಣ ಸೋಲುತ್ತಿರಲಿಲ್ಲ, ಕನಿಕರಕ್ಕಾದರೂ ಒಂದು ಮಾತು ಬಿಟ್ಟುಕೊಡುತ್ತಿರಲಿಲ್ಲ. ನನಗೆ ಅದು ಬಹಳ ಹಿಡಿಸಿತು. ಕೊನೆಯಲ್ಲಿ ಆ ಗಂಟೆಯ ಹಾಡು. ಪೆಟ್ಟಿಗೆಯ ಮೇಲೆ ಅಂಗೈ, 'ಧಂ ಧಂ', ಪೆನ್ಸಿಲ್ಲು. ಆರು ಸಲ ಗಂಟೆ ಬರುತ್ತಿತ್ತು, ಆರು ಏಟು; ಅಷ್ಟರಲ್ಲಿ ಟೇಪು ಮುಗಿದು ಗುಂಡಿ ಹಾರುತ್ತಿತ್ತು. ಈರಣ್ಣ ಪೆನ್ಸಿಲ್ಲನ್ನು ನನಗೆ ಎಸೆಯುತ್ತಿದ್ದ, ನಾನು ಸುತ್ತಲು ಕೂಡುತ್ತಿದ್ದೆ.

ದೀಪಾವಳಿಗೆ ಮುಂಚಿನ ಒಂದು ಭಾನುವಾರ, ಈರಣ್ಣ ಪೆನ್ಸಿಲ್ ಎತ್ತುವ ಮುನ್ನವೇ ಪ್ರಾಣೇಶನ ತೋರುಬೆರಳು ಹಲಗೆಯನ್ನು ಮುಟ್ಟಿತು. ಗಂಟೆಯೂ ಆಗಲೇ ಬಂತು. ಈರಣ್ಣ ನನ್ನನ್ನು ನೋಡಿದ, ಪೆನ್ಸಿಲ್ಲನ್ನು ಮೆಲ್ಲಗೆ ಕೆಳಗಿಟ್ಟ. ಎರಡು. ಮೂರು. ಪ್ರಾಣೇಶ ಕಣ್ಣು ಮುಚ್ಚಿದ್ದ. ಅಂಗೈಗೆ ತಾಗುವ ತಂತಿಯ ಬಡಿತಗಳನ್ನು ಎಣಿಸಿಕೊಂಡು, ಯಾರ ತುಟಿಯನ್ನೂ ನೋಡದೆ, ಸರಿಯಾದ ಜಾಗಕ್ಕೆ ಬೆರಳಿಡುತ್ತಿದ್ದ. ಅಪ್ಪ ಹೊಸ್ತಿಲಲ್ಲಿ ನಿಂತು ತಮ್ಮ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ನಾಲ್ಕು. ಐದು. ಆರು. ಗುಂಡಿ ಟಕ್ಕೆಂದು ಹಾರಿತು, ಹಾಡು ಕತ್ತರಿಸಿತು. ಅಪ್ಪನ ಕೈ ನಿಂತಿತು. ನಾನು ಪೆನ್ಸಿಲ್ಲಿಗೆ ಕೈ ಚಾಚಿದೆ.

ಪ್ರಾಣೇಶ ಕಣ್ಣು ತೆರೆಯಲಿಲ್ಲ. ಅಂಗೈ ಹಲಗೆಯ ಮೇಲೆಯೇ ಇತ್ತು. ಸದ್ದಿಲ್ಲದ ಆ ಪಡಸಾಲೆಯಲ್ಲಿ ನಾವು ಮೂವರೂ ಕಾದೆವು. ಬರಬೇಕಾದ ಹೊತ್ತು ಬಂದಾಗ ಅವನ ಬೆರಳು ಮೇಲೆದ್ದು, ನಮಗಾರಿಗೂ ಕೇಳಿಸದ ಏಳನೆಯ ಗಂಟೆಗೆ, ಅವ್ವನ ಪೆಟ್ಟಿಗೆಯನ್ನು ಒಮ್ಮೆ ತಟ್ಟಿತು.